ರೋಡಲ್ಲಿ ಪಾರ್ಕಿಂಗ್ ದುಡ್ಡು ಕೇಳೋ ಹಕ್ಕು ಯಾರಿಗಿದೆ? ಕಾನೂನಿನ ಬುಡ ತಿಳ್ಕೊಂಡು ವಿಚಾರಿಸೋದು ಹೇಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಯಾವ ಊರಿಗೆ ಹೋದ್ರೂ ಮಾರ್ಕೆಟ್ ಹತ್ರ ಗಾಡಿ ನಿಲ್ಲಿಸಿದ ತಕ್ಷಣ ಒಬ್ರು ಬಂದು ಚೀಟಿ ಕೊಟ್ಟು ದುಡ್ಡು ಕೇಳ್ತಾರೆ. ಅದರಲ್ಲಿ ನಿಜವಾಗ್ಲೂ ಪಾಲಿಕೆಯಿಂದ ಟೆಂಡರ್ ತಗೊಂಡೋರೂ ಇರ್ತಾರೆ, ಯಾವ ಕಾಗದಾನೂ ಇಲ್ಲದೆ ಸುಮ್ನೆ ವಸೂಲಿ ಮಾಡೋರೂ ಇರ್ತಾರೆ. ನೋಡೋಕೆ ಇಬ್ರೂ ಒಂದೇ ಥರ. ಹಾಗಾಗಿ ಒಂದಷ್ಟು ಜನ ಎಲ್ಲರಿಗೂ ಕೊಟ್ಟು ಹೋಗ್ತಾರೆ, ಇನ್ನೊಂದಷ್ಟು ಜನ ಎಲ್ಲರ ಹತ್ರಾನೂ ಜಗಳ ಆಡ್ತಾರೆ. ಎರಡೂ ಬೇಡ. ಯಾವ ಕಾಗದ ಕೇಳಬೇಕು, ಯಾವ ಆಫೀಸಲ್ಲಿ ಕೇಳಬೇಕು ಅಂತ ಗೊತ್ತಿದ್ರೆ ಸಾಕು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ರಸ್ತೆಯಲ್ಲಿ ಗಾಡಿ ನಿಲ್ಲಿಸೋಕೆ ದುಡ್ಡು ತಗೊಳ್ಳೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ರಸ್ತೆ ಎಲ್ಲರದ್ದು, ನಡೆಯೋರದ್ದು, ಸೈಕಲ್‌ನೋರದ್ದು, ಬಸ್ಸಿನೋರದ್ದು, ಅದರಲ್ಲಿ ಒಂದು ಕಾರು ಇಡೀ ದಿನ ಜಾಗ ಹಿಡ್ಕೊಂಡು ನಿಂತ್ರೆ ಅದಕ್ಕೆ ಬೆಲೆ ಕೇಳೋದು ನ್ಯಾಯಾನೇ. ಆದ್ರೆ ಆ ದುಡ್ಡು ಕಾನೂನು ಪ್ರಕಾರ ನಿಗದಿಯಾಗಿ, ಲೆಕ್ಕಕ್ಕೆ ಸೇರಿ, ಊರಿನ ಖಜಾನೆಗೆ ಹೋಗ್ಬೇಕು. ಹೋಗ್ತಿದೆಯಾ ಅಂತ ಕೇಳೋ ಹಕ್ಕು ದುಡ್ಡು ಕೊಡೋ ನಮ್ಗೆ ಪೂರ್ತಿ ಇದೆ.

ಮೂರು ಪ್ರಶ್ನೆ, ಮೂರು ಬೇರೆ ಉತ್ತರ

ಗೊಂದಲ ಎಲ್ಲಾ ಶುರುವಾಗೋದು ಮೂರು ಬೇರೆ ಬೇರೆ ಅಧಿಕಾರಾನ ಒಂದೇ ಅಂತ ಅಂದ್ಕೊಳ್ಳೋದ್ರಿಂದ. ಎಲ್ಲಿ ನಿಲ್ಲಿಸಬಹುದು ಎಲ್ಲಿ ನಿಲ್ಲಿಸಬಾರದು ಅಂತ ತೀರ್ಮಾನ ಮಾಡೋದು ಒಂದು ಅಧಿಕಾರ, ನಿಲ್ಲಿಸೋಕೆ ಶುಲ್ಕ ಇಷ್ಟು ಅಂತ ವಿಧಿಸೋದು ಇನ್ನೊಂದು, ತಪ್ಪು ಮಾಡಿದ್ರೆ ದಂಡ ಹಾಕೋದು, ಗಾಡಿ ಎತ್ಕೊಂಡು ಹೋಗೋದು ಮೂರನೇದು. ಮೊದಲನೇದು ಮತ್ತು ಮೂರನೇದು 1988ರ ಮೋಟಾರು ವಾಹನ ಕಾಯ್ದೆಯಿಂದ ಬರುತ್ತೆ, ಅಂದ್ರೆ ರಾಜ್ಯ ಸರ್ಕಾರ ಮತ್ತು ಪೊಲೀಸ್ ಕಡೆ. ಎರಡನೇದು ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಕಾನೂನುಗಳಿಂದ ಬರುತ್ತೆ. ಟ್ರಾಫಿಕ್ ಪೊಲೀಸ್‌ನೋರು ಪಾರ್ಕಿಂಗ್ ಶುಲ್ಕ ನಿಗದಿ ಮಾಡಲ್ಲ, ಚೀಟಿ ಹರಿಯೋ ಗುತ್ತಿಗೆದಾರ ದಂಡ ಹಾಕೋಕೆ ಬರಲ್ಲ. ಇದೊಂದು ತಲೆಯಲ್ಲಿ ಇಟ್ಕೊಂಡ್ರೆ ಮುಂದಿನದ್ದೆಲ್ಲ ಸುಲಭ.

ಮೊದಲು ಜಾಗ ಯಾರದ್ದು ಅಂತ ನೋಡಿ

ಬೇರೆ ಏನೇ ಕೇಳೋ ಮುಂಚೆ ನಿಂತಿರೋ ನೆಲ ಯಾರ ಕೈಯಲ್ಲಿದೆ ಅಂತ ತಿಳ್ಕೊಳ್ಳಿ. ರೈಲ್ವೆ ಸ್ಟೇಷನ್ ಆವರಣ ರೈಲ್ವೆದು, ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣ ನಿಗಮದ್ದು, ದೇವಸ್ಥಾನದ ಜಾಗ ಆಡಳಿತ ಮಂಡಳಿದು ಇಲ್ಲಾ ಮುಜರಾಯಿ ಇಲಾಖೆದು. ಅಲ್ಲೆಲ್ಲ ಶುಲ್ಕ ತಗೊಳ್ಳೋದು ಜಾಗದ ಒಡೆತನದ ಮೇಲೆ, ಅಲ್ಲಿನ ಟೆಂಡರ್ ಷರತ್ತಿನ ಮೇಲೆ ನಿಂತಿರುತ್ತೆ, ಪಾಲಿಕೆ ಆಫೀಸಿಗೆ ಹೋಗಿ ಕೇಳಿದ್ರೆ ನಮ್ಗೆ ಸಂಬಂಧ ಇಲ್ಲ ಅಂತಾರೆ, ಅದು ಸರೀನೇ. ಊರೊಳಗಿನ ಸಾರ್ವಜನಿಕ ರಸ್ತೆ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯದ್ದು, ಊರ ಮಧ್ಯೆ ಹಾದು ಹೋಗೋ ರಾಷ್ಟ್ರೀಯ ಹೆದ್ದಾರಿ ಇಲ್ಲಾ ರಾಜ್ಯ ಹೆದ್ದಾರಿ ಆದ್ರೆ ಆಯಾ ಇಲಾಖೆಯದ್ದು. ಮುಂದೆ ಹೇಳೋದೆಲ್ಲ ಮುಖ್ಯವಾಗಿ ಊರಿನ ಸಾರ್ವಜನಿಕ ರಸ್ತೆ ಬಗ್ಗೆ.

ಬೋರ್ಡಿನ ಹಿಂದೆ ಒಂದು ಆದೇಶ ಇರ್ಬೇಕು

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 117 ಹೇಳೋದೇನಂದ್ರೆ, ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟೋರು, ಆ ಊರಿನ ಸ್ಥಳೀಯ ಸಂಸ್ಥೆ ಜೊತೆ ಸಮಾಲೋಚನೆ ಮಾಡಿ, ವಾಹನ ಎಲ್ಲಿ ಎಷ್ಟು ಹೊತ್ತು ನಿಲ್ಲಬಹುದು ಅಂತ ಗೊತ್ತು ಮಾಡಬಹುದು. ಸಮಾಲೋಚನೆ ಅನ್ನೋದು ಕಾನೂನಿನಲ್ಲೇ ಇದೆ, ಅಂದ್ರೆ ಪೊಲೀಸ್‌ನೋರು ಒಬ್ಬರೇ ಕೂತು ಮಾಡೋದಲ್ಲ, ಪಾಲಿಕೆ ಒಂದೇ ಮಾಡೋದೂ ಅಲ್ಲ. 2019ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರ್ತು, ಈ ಜಾಗ ಗೊತ್ತು ಮಾಡುವಾಗ ರಸ್ತೆ ಬಳಸೋರ ಸುರಕ್ಷತೆಗೆ ಮತ್ತು ಸಂಚಾರ ಸಲೀಸಾಗಿ ಸಾಗೋದಕ್ಕೆ ಆದ್ಯತೆ ಕೊಡಬೇಕು ಅಂತ. ಇದು ನಮ್ಗೆ ತುಂಬ ಉಪಯೋಗ ಬರೋ ವಾಕ್ಯ. ಸ್ಕೂಲ್ ಗೇಟ್ ಪಕ್ಕಾನೇ ಪೇ ಪಾರ್ಕಿಂಗ್ ಮಾಡಿದ್ರೆ ಈ ವಾಕ್ಯ ಹಿಡ್ಕೊಂಡೇ ಆಕ್ಷೇಪಣೆ ಬರೀಬಹುದು.

ವಾಹನ ಸಂಚಾರ ನಿರ್ಬಂಧಿಸೋಕೆ ಸೆಕ್ಷನ್ 115 ಇದೆ, ಬೋರ್ಡು ಹಾಕೋಕೆ ಸೆಕ್ಷನ್ 116. ಈ 115ರಲ್ಲಿ ಒಂದು ಸೂಕ್ಷ್ಮ ಇದೆ, ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರೋ ನಿರ್ಬಂಧ ಆದ್ರೆ ಗೆಜೆಟ್‌ನಲ್ಲಿ ಅಧಿಸೂಚನೆ ಬರಬೇಕು, ಒಂದು ತಿಂಗಳೊಳಗಿನದ್ದಾದ್ರೆ ಗೆಜೆಟ್ ಬೇಡ, ಸ್ಥಳೀಯವಾಗಿ ಪ್ರಚಾರ ಕೊಟ್ರೆ ಸಾಕು. ಮೈಸೂರು ದಸರಾ, ಬಸವನಗುಡಿ ಕಡಲೆಕಾಯಿ ಪರಿಷೆ, ಬೆಂಗಳೂರು ಕರಗ ಇಂಥ ಸಮಯದಲ್ಲಿ ಪೇಪರಲ್ಲಿ ಪ್ರಕಟಣೆ ಕೊಟ್ಟು ರಸ್ತೆ ಬದಲಾವಣೆ ಮಾಡ್ತಾರಲ್ಲ, ಅದು ಈ ಎರಡನೇ ಬಗೆ.

ಈ ಆದೇಶಗಳು ನೋಡೋಕೆ ಹೇಗಿರ್ತವೆ ಅಂತ ಗೊತ್ತಿದ್ರೆ ಹುಡುಕೋದು ಸುಲಭ. ಬೆಂಗಳೂರು, ಮೈಸೂರು, ಮಂಗಳೂರಂಥ ಕಡೆ ಪೊಲೀಸ್ ಆಯುಕ್ತರ ಹೆಸರಲ್ಲಿ, ಬೇರೆ ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಅಂದ್ರೆ ಜಿಲ್ಲಾ ದಂಡಾಧಿಕಾರಿ ಹೆಸರಲ್ಲಿ ಬರ್ತವೆ. ಮೊದಲನೇ ಪ್ಯಾರಾದಲ್ಲಿ ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 115, 116, 117 ಮತ್ತು ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ ನಿಯಮ 221(ಎ)(5) ಅಂತ ಇರುತ್ತೆ, ಸುಮಾರು ಎಲ್ಲದರಲ್ಲೂ ಇದೇ ಸಾಲು. ಆಮೇಲೆ ಒಂದು ಪಟ್ಟಿ: ಯಾವ ಸರ್ಕಲ್‌ನಿಂದ ಯಾವ ಜಂಕ್ಷನ್‌ವರೆಗೆ, ರಸ್ತೆಯ ಎಡಬದಿಯೋ ಬಲಬದಿಯೋ, ದ್ವಿಚಕ್ರವೋ ಕಾರೋ ಆಟೋನೋ, ಯಾವ ಸಮಯ. ಕೆಲವು ರಸ್ತೆಗೆ ಸಮ ದಿನಾಂಕ ಒಂದು ಬದಿ, ಬೆಸ ದಿನಾಂಕ ಇನ್ನೊಂದು ಬದಿ. ಹತ್ತು ಮೀಟರ್ ಆಚೆ ಈಚೆ ಆದ್ರೂ ಪಟ್ಟಿಯಲ್ಲಿ ಇದೆಯೋ ಇಲ್ವೋ ಅನ್ನೋದೇ ಮುಖ್ಯ, ಯಾಕಂದ್ರೆ ಆದೇಶದಲ್ಲಿ ಒಂದು ಬದಿ ಬರೆದು ಬೋರ್ಡು ಇನ್ನೊಂದು ಬದಿ ನೆಟ್ಟಿದ್ರೆ ಆ ಬೋರ್ಡಿನ ಮೇಲೆ ಹಾಕಿದ ಕೇಸನ್ನ ಪ್ರಶ್ನಿಸೋಕೆ ನಿಮ್ಗೆ ಗಟ್ಟಿ ಆಧಾರ ಸಿಗುತ್ತೆ.

ಬೋರ್ಡು ಓದೋದೂ ಕಲೀಬೇಕು. ನೀಲಿ ಹಿನ್ನೆಲೆಯ ದುಂಡು ಬೋರ್ಡು, ಕೆಂಪು ಅಂಚು, ಅಡ್ಡಕ್ಕೆ ಒಂದೇ ಕೆಂಪು ಗೆರೆ ಇದ್ರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಕತ್ತರಿ ಆಕಾರದಲ್ಲಿ ಇದ್ರೆ ನಿಲ್ಲಿಸೋದೇ ಇಲ್ಲ, ಅಂದ್ರೆ ಒಂದು ನಿಮಿಷ ಇಳಿಸಿ ಹೋಗ್ತೀನಿ ಅಂತಾನೂ ಹೇಳೋ ಹಾಗಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ತುಂಬ ಜನ ದಂಡ ಕಟ್ತಾರೆ.

ಬೋರ್ಡ್ ಇಲ್ಲ ಅಂದ್ರೆ ನಿಲ್ಲಿಸಬಹುದು ಅನ್ನೋದು ತಪ್ಪು ತಿಳುವಳಿಕೆ

ಕೇಂದ್ರ ಸರ್ಕಾರದ 2017ರ ಡ್ರೈವಿಂಗ್ ರೆಗ್ಯುಲೇಷನ್ಸ್ ಇಡೀ ದೇಶಕ್ಕೆ ಅನ್ವಯ ಆಗುತ್ತೆ. ಫುಟ್‌ಪಾತ್ ಮೇಲೆ, ಜೀಬ್ರಾ ಕ್ರಾಸಿಂಗ್ ಮೇಲೆ, ಜಂಕ್ಷನ್ ಬಾಯಲ್ಲಿ, ಬಸ್ ಸ್ಟಾಪ್ ಹತ್ರ, ಶಾಲೆ ಆಸ್ಪತ್ರೆ ಗೇಟ್ ಮುಂದೆ, ಯಾರದ್ದೋ ಮನೆ ದಾರಿ ಅಡ್ಡಗಟ್ಟಿ, ಇನ್ನೊಂದು ನಿಂತ ಗಾಡಿ ಪಕ್ಕ ಡಬಲ್ ಆಗಿ ನಿಲ್ಲಿಸೋದಕ್ಕೆ ಬೋರ್ಡೇ ಬೇಕಿಲ್ಲ, ಅದು ಎಲ್ಲಾ ಕಾಲಕ್ಕೂ ನಿಷಿದ್ಧ. ಇದನ್ನ ಮೀರಿದ್ರೆ ಸೆಕ್ಷನ್ 177ಎ ಪ್ರಕಾರ ಕನಿಷ್ಠ 500, ಗರಿಷ್ಠ 1000 ರೂಪಾಯಿ ದಂಡ.

ಫುಟ್‌ಪಾತ್ ಬಗ್ಗೆ ಸ್ವಲ್ಪ ಒತ್ತಿ ಹೇಳ್ಬೇಕು. ಕೆಲವು ಕಡೆ ಫುಟ್‌ಪಾತ್ ಮೇಲೆ ಸ್ಕೂಟರ್ ಸಾಲಾಗಿ ನಿಲ್ಲಿಸಿ ಅದಕ್ಕೂ ಚೀಟಿ ಕೊಡ್ತಾರೆ. ಚೀಟಿ ಇದೆ ಅಂತ ಆ ತಪ್ಪು ಸರಿ ಆಗಲ್ಲ. ವಯಸ್ಸಾದೋರು, ವೀಲ್‌ಚೇರಲ್ಲಿ ಹೋಗೋರು, ಮಗು ಎತ್ಕೊಂಡ ತಾಯಂದಿರು ಇದರಿಂದ ರಸ್ತೆಗೆ ಇಳಿದು ಬಸ್ಸಿನ ಪಕ್ಕ ನಡೀಬೇಕಾಗುತ್ತೆ, ಅದಕ್ಕಿಂತ ದೊಡ್ಡ ಅನ್ಯಾಯ ಈ ಇಡೀ ವಿಷಯದಲ್ಲಿ ಇನ್ನೊಂದಿಲ್ಲ ಅಂತ ನಂಗನ್ಸುತ್ತೆ. ಅಂಥದ್ದು ಕಂಡ್ರೆ ಫೋಟೋ ತೆಗೆದು ದೂರು ಕೊಡಿ, ಅಲ್ಲಿ ನಿಲ್ಲಿಸಿ ದುಡ್ಡು ಮಾತ್ರ ಕೊಡಬೇಡಿ.

ಮನೆ ಮುಂದಿನ ರಸ್ತೆ ವಿಷಯಾನೂ ಇಲ್ಲೇ ಮುಗಿಸ್ತೀನಿ. ನಿಮ್ಮ ಗೇಟಿಗೆ ಅಡ್ಡ ನಿಲ್ಲಿಸಿದ್ರೆ ನೀವು ದೂರು ಕೊಡಬಹುದು, ಆದ್ರೆ ಗೇಟ್ ಬಿಟ್ಟು ಕಾಂಪೌಂಡ್ ಉದ್ದಕ್ಕೂ ಇರೋ ರಸ್ತೆ ನಿಮ್ದಲ್ಲ. ಹೂಕುಂಡ, ಕಲ್ಲು, ಚೈನು ಹಾಕಿ ಜಾಗ ಹಿಡಿಯೋದು ರಸ್ತೆ ಒತ್ತುವರಿ. ನೋ ಪಾರ್ಕಿಂಗ್ ಅಂತ ಮನೆಯವರೇ ಬರೆಸಿದ ತಗಡಿಗೆ ಸೆಕ್ಷನ್ 116ರ ಬಲ ಇಲ್ಲ, ಗಾಳಿ ತೆಗೆಯಲಾಗುವುದು ಅಂತ ಬರೆದು ನಿಜಕ್ಕೂ ಗಾಳಿ ತೆಗೆದ್ರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 324ರ ಕೇಸು, ಅಂದ್ರೆ ಬೇರೆಯವರ ಆಸ್ತಿಗೆ ಹಾನಿ ಮಾಡಿದ ಕೇಸು, ಬೋರ್ಡು ಹಾಕಿದೋರ ಮೇಲೇ ಬೀಳಬಹುದು.

ಶುಲ್ಕದ ಬುಡ ಎಲ್ಲಿದೆ

ಈಗ ದುಡ್ಡಿನ ವಿಷಯ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು, ಅದರಲ್ಲಿ ಸೇರಿದ ಹನ್ನೆರಡನೇ ಅನುಸೂಚಿಯ 17ನೇ ಬಾಬ್ತಿನಲ್ಲಿ ಬೀದಿ ದೀಪ, ಬಸ್ ಸ್ಟಾಪ್ ಜೊತೆಗೆ ವಾಹನ ನಿಲುಗಡೆ ಜಾಗಾನೂ ಇದೆ. ಅಂದ್ರೆ ಪಾರ್ಕಿಂಗ್ ಜಾಗ ಒದಗಿಸೋದು ನಗರ ಸ್ಥಳೀಯ ಸಂಸ್ಥೆಗೆ ವಹಿಸಬಹುದಾದ ಕೆಲಸ ಅಂತ ಸಂವಿಧಾನಾನೇ ಹೇಳ್ತು. ಆದ್ರೆ ಇಷ್ಟರಿಂದಲೇ ಪಾಲಿಕೆಗೆ ದುಡ್ಡು ವಸೂಲಿ ಮಾಡೋ ಅಧಿಕಾರ ಬರಲ್ಲ. ಆ ಅಧಿಕಾರ ರಾಜ್ಯದ ಶಾಸನಸಭೆ ಕಾನೂನು ಮಾಡಿ ಕೊಡಬೇಕು. ಕರ್ನಾಟಕದಲ್ಲಿ ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ, ನಗರಸಭೆ ಪುರಸಭೆಗಳಿಗೆ 1964ರ ಕಾಯ್ದೆ, ಬೆಂಗಳೂರಿಗೆ ಮೊದಲು 2020ರ ಬಿಬಿಎಂಪಿ ಕಾಯ್ದೆ ಇತ್ತು, ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ. ಇದು 2025ರ ಮೇ 15ರಿಂದ ಜಾರಿ ಆಯ್ತು, ಆ ವರ್ಷ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ ಬಂದ್ವು. ಹಾಗಾಗಿ ಬೆಂಗಳೂರಲ್ಲಿ ಯಾರಾದ್ರೂ ಬಿಬಿಎಂಪಿ ಹೆಸರಿನ ಹಳೇ ಚೀಟಿ ಕೊಟ್ರೆ, ಆ ಗುತ್ತಿಗೆ ಈಗ ಯಾವ ಪಾಲಿಕೆ ಹೆಸರಲ್ಲಿ ಮುಂದುವರೀತಿದೆ, ಅವಧಿ ಯಾವತ್ತಿಗೆ ಮುಗಿಯುತ್ತೆ ಅಂತ ಕೇಳೋದು ನ್ಯಾಯವಾದ ಪ್ರಶ್ನೆ.

ತೆರಿಗೆಗೂ ಶುಲ್ಕಕ್ಕೂ ವ್ಯತ್ಯಾಸ ಏನು ಅನ್ನೋದಕ್ಕೆ ಇಡೀ ದೇಶದಲ್ಲಿ ಉಲ್ಲೇಖ ಮಾಡೋ ತೀರ್ಪು ನಮ್ಮ ಉಡುಪಿಯಿಂದ ಹೋಗಿದ್ದು. ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಕೇಸು, ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಮಾನ ಮಾಡಿದ್ದು. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು, ಅಲ್ಲಿನ 1951ರ ಧಾರ್ಮಿಕ ದತ್ತಿ ಕಾಯ್ದೆಯಲ್ಲಿ ಮಠ ದೇವಸ್ಥಾನಗಳು ಆದಾಯದ ಶೇಕಡಾ 5ರವರೆಗೆ ಸರ್ಕಾರಕ್ಕೆ ಕಟ್ಟಬೇಕು ಅಂತ ಇತ್ತು. ಕೋರ್ಟು ಹೇಳಿದ್ದು ಇಷ್ಟು: ಶುಲ್ಕ ಅಂದ್ರೆ ಕೊಟ್ಟೋರಿಗೆ ಅದಕ್ಕೆ ಪ್ರತಿಯಾಗಿ ಏನೋ ಒಂದು ಸೇವೆ ಸಿಗಬೇಕು, ಆ ದುಡ್ಡು ಆ ಸೇವೆಗೇ ಹೋಗ್ಬೇಕು, ಸರ್ಕಾರದ ಸಾಮಾನ್ಯ ಖಜಾನೆಗೆ ಸೇರಿ ಕರಗಿ ಹೋಗೋದಾದ್ರೆ ಅದು ತೆರಿಗೆ. ಆ ವಸೂಲಿ ತೆರಿಗೆ ಅಂತ ಆಯ್ತು, ಬಿದ್ದು ಹೋಯ್ತು. ಆಮೇಲಿನ ತೀರ್ಪುಗಳಲ್ಲಿ, 1983ರ ಶ್ರೀನಿವಾಸ ಜನರಲ್ ಟ್ರೇಡರ್ಸ್ ಕೇಸು ಸೇರಿ, ಸ್ವಲ್ಪ ಸಡಿಲ ಆಗಿದೆ. ಕೊಟ್ಟ ಪ್ರತಿ ಪೈಸೆಗೂ ಲೆಕ್ಕ ತಾಳೆ ಆಗ್ಬೇಕಿಲ್ಲ, ಒಟ್ಟಾರೆ ಸಂಬಂಧ ಇದ್ರೆ ಸಾಕು ಅಂತ. ಆದ್ರೆ ಸಂಬಂಧ ಇರ್ಲೇಬೇಕು. ಗುರುತು ಹಾಕಿದ ಜಾಗ ಇಲ್ಲ, ನೋಡ್ಕೊಳ್ಳೋರಿಲ್ಲ, ಲೈಟಿಲ್ಲ, ಬರೀ ಚೀಟಿ ಮಾತ್ರ ಇದೆ ಅಂದ್ರೆ ಅದನ್ನ ಶುಲ್ಕ ಅಂತ ಸಮರ್ಥಿಸ್ಕೊಳ್ಳೋದು ಕಷ್ಟ ಆಗುತ್ತೆ.

ಇನ್ನೊಂದು ತೀರ್ಪು ಕೂಡ ನೆನಪಿಟ್ಕೊಳ್ಳಿ. 1992ರಲ್ಲಿ ಅಹಮದಾಬಾದ್ ನಗರಾಭಿವೃದ್ಧಿ ಪ್ರಾಧಿಕಾರದ ಕೇಸಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ ಸ್ಪಷ್ಟವಾಗಿ ಅಧಿಕಾರ ಕೊಡದೆ ಯಾವ ಪ್ರಾಧಿಕಾರವೂ ತೆರಿಗೆಯಾಗಲಿ ಶುಲ್ಕವಾಗಲಿ ಹಾಕೋ ಹಾಗಿಲ್ಲ, ನಮ್ಮ ಕೆಲಸಕ್ಕೆ ದುಡ್ಡು ಬೇಕು ಹಾಗಾಗಿ ಅಧಿಕಾರ ಇದ್ದೇ ಇದೆ ಅಂತ ಊಹಿಸ್ಕೊಳ್ಳೋ ಹಾಗಿಲ್ಲ ಅಂತ ಹೇಳ್ತು. ಅಧಿಕಾರಿ ಹತ್ರ ಮಾತಾಡುವಾಗ ಕೇಸಿನ ಹೆಸರೆಲ್ಲ ಹೇಳೋದು ಬೇಡ, ಯಾವ ಕಾಯ್ದೆಯ ಯಾವ ಸೆಕ್ಷನ್ ಕೆಳಗೆ ಸರ್ ಈ ಶುಲ್ಕ ಅಂತ ಒಂದು ಮಾತು ಕೇಳಿ ಸಾಕು.

ಚೀಟಿ ಕೈಗೆ ಬಂದಾಗ

ಸರಿಯಾದ ಪೇ ಪಾರ್ಕಿಂಗ್ ಅಂದ್ರೆ ಅದರ ಹಿಂದೆ ಬೈಲಾ (ಕಾಯ್ದೆಯ ಕೆಳಗೆ ಪಾಲಿಕೆ ಮಾಡೋ ಉಪನಿಯಮ) ಅಥವಾ ಪಾಲಿಕೆ ನಿರ್ಣಯ ಇರುತ್ತೆ, ದರ ಮಂಜೂರಾಗಿರುತ್ತೆ, ಟೆಂಡರ್ ಆಗಿ ಕಾರ್ಯಾದೇಶ (ಗುತ್ತಿಗೆದಾರರಿಗೆ ಕೆಲಸ ವಹಿಸಿದ ಲಿಖಿತ ಆದೇಶ) ಕೊಟ್ಟಿರ್ತಾರೆ, ಜಾಗದಲ್ಲಿ ದರಪಟ್ಟಿ ಬೋರ್ಡು ಇರುತ್ತೆ. ಬೈಲಾ ಮಾಡೋದಾದ್ರೆ ಕರಡು ಪ್ರಕಟ ಮಾಡಿ ಆಕ್ಷೇಪಣೆ ಕರೀಬೇಕು, ಸರ್ಕಾರದ ಮಂಜೂರಾತಿ ಬೇಕು, ಅಂತಿಮವಾಗಿ ಪ್ರಕಟ ಆಗ್ಬೇಕು. ಆಕ್ಷೇಪಣೆ ಕರೆದಾಗ ನಾವು ಯಾರೂ ಬರೆಯಲ್ಲ, ದರ ಜಾಸ್ತಿ ಆದ ಮೇಲೆ ಬೈತೀವಿ. ಆ ಹಂತದಲ್ಲಿ ಬರೆದ ಒಂದು ಪುಟದ ಪತ್ರಕ್ಕೆ ಆಮೇಲಿನ ನೂರು ದೂರಿಗಿಂತ ಹೆಚ್ಚು ಬೆಲೆ ಇದೆ, ಯಾಕಂದ್ರೆ ಅದನ್ನ ಪರಿಗಣಿಸದೆ ಮುಂದೆ ಹೋದ್ರೆ ಕೋರ್ಟಿನಲ್ಲಿ ಆ ಬೈಲಾಗೇ ಪೆಟ್ಟು ಬೀಳಬಹುದು.

ಚೀಟಿಯಲ್ಲಿ ನೋಡ್ಬೇಕಾದ್ದು: ಸ್ಥಳೀಯ ಸಂಸ್ಥೆ ಹೆಸರು, ಕ್ರಮಸಂಖ್ಯೆ, ಗುತ್ತಿಗೆದಾರರ ಹೆಸರು, ದರ, ದಿನಾಂಕ, ಸಮಯ, ಗಾಡಿ ನಂಬರ್. ಒಂದು ತಾಲ್ಲೂಕು ಊರಿನ ಸಂತೆ ರಸ್ತೆಯಲ್ಲಿ ನಂಗೆ ಸಿಕ್ಕ ಚೀಟೀಲಿ ಇದ್ದದ್ದು ಪಾರ್ಕಿಂಗ್ ಅನ್ನೋ ಒಂದು ರಬ್ಬರ್ ಸ್ಟ್ಯಾಂಪು ಮತ್ತು ಪೆನ್ನಲ್ಲಿ ಬರೆದ 20 ಅನ್ನೋ ಅಂಕಿ, ಅಷ್ಟೇ. ನಂಬರ್ ಇಲ್ಲದ ಚೀಟಿ ಎಷ್ಟು ಹರಿದ್ರು, ಎಷ್ಟು ದುಡ್ಡು ಬಂತು ಅನ್ನೋದು ಯಾರಿಗೂ ಗೊತ್ತಾಗಲ್ಲ. ಪುರಸಭೆಗೆ ಬಂದಿದ್ರೆ ಅದೇ ರಸ್ತೆಯ ಗುಂಡಿ ಮುಚ್ಚಬಹುದಾಗಿದ್ದ ದುಡ್ಡು ಅದು.

ಅನುಮಾನ ಬಂದ್ರೆ ಅಲ್ಲೇ ಕೂಗಾಡೋದು ಬೇಡ. ಚೀಟಿ ಹರಿಯೋ ಹುಡುಗ ದಿನಗೂಲಿಗೆ ಬಂದಿರ್ತಾನೆ, ಅವನ ಹತ್ರ ಕಾರ್ಯಾದೇಶದ ಪ್ರತಿ ಇರ್ಬೇಕಾದ್ದು ನಿಜ, ಆದ್ರೆ ಕೊಟ್ಟಿರೋದು ಬಿಟ್ಟಿರೋದು ಮಾಲೀಕ. ಕಾರ್ಯಾದೇಶ ತೋರ್ಸಪ್ಪ ಅಂತ ನಿಧಾನವಾಗಿ ಕೇಳಿ, ಚೀಟಿ, ದರಪಟ್ಟಿ, ಜಾಗ ಮೂರರ ಫೋಟೋ ತೆಗೀರಿ. ದುಡ್ಡು ಕೊಡದಿದ್ರೆ ಗಾಡಿ ಬಿಡಲ್ಲ, ಕೀ ಕೊಡಲ್ಲ ಅಂತ ಹೆದರಿಸಿದ್ರೆ ಮಾತ್ರ 112ಕ್ಕೆ ಫೋನ್ ಮಾಡಿ, ಹೆದರಿಸಿ ದುಡ್ಡು ಕೀಳೋದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 308ರ ಅಪರಾಧ ಆಗಬಹುದು. ದರಪಟ್ಟಿಯಲ್ಲಿ ಹತ್ತು ಇದ್ದು ಇಪ್ಪತ್ತು ಕೇಳಿದ್ರೆ ಅದು ಗುತ್ತಿಗೆ ಷರತ್ತಿನ ಉಲ್ಲಂಘನೆ, ದೂರು ಪಾಲಿಕೆಯ ಕಂದಾಯ ವಿಭಾಗಕ್ಕೆ ಬರವಣಿಗೆಯಲ್ಲಿ ಕೊಡಿ.

ಗಾಡಿ ಕಳುವಾದ್ರೆ ಜವಾಬ್ದಾರಿ ಯಾರದ್ದು ಅಂತಾನೂ ತುಂಬ ಜನ ಕೇಳ್ತಾರೆ. ಕೀ ಕೊಟ್ಟು ಒಪ್ಪಿಸಿದ್ದೀರಾ ಅನ್ನೋದು ಇಲ್ಲಿ ಮುಖ್ಯ. ಹೋಟೆಲ್ ವ್ಯಾಲೆ ಪಾರ್ಕಿಂಗ್‌ಗೆ ಕೊಟ್ಟ ಕಾರು ಕಳುವಾದ ಕೇಸಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್, ಗಾಡಿ ಮಾಲೀಕರದ್ದೇ ಜವಾಬ್ದಾರಿ ಅಂತ ಚೀಟೀಲಿ ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲ್ ತಪ್ಪಿಸ್ಕೊಳ್ಳೋಕೆ ಆಗಲ್ಲ ಅಂತ ಹೇಳಿದೆ. ರಸ್ತೆ ಬದಿ ನೀವೇ ಲಾಕ್ ಮಾಡಿ ಕೀ ಜೇಬಲ್ಲಿ ಇಟ್ಕೊಂಡು ಹೋದ್ರೆ ಆ ವಾದ ಅಷ್ಟು ಸುಲಭಕ್ಕೆ ನಿಲ್ಲಲ್ಲ.

ಪರ್ಮಿಟ್ ವಿಷಯ

ಬೆಂಗಳೂರಿನಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ ತಯಾರಿಸಿದ ಪಾರ್ಕಿಂಗ್ ಪಾಲಿಸಿ 2.0ಕ್ಕೆ ಸರ್ಕಾರ 2021ರಲ್ಲಿ ಒಪ್ಪಿಗೆ ಕೊಡ್ತು. ವಸತಿ ಬಡಾವಣೆಗಳಲ್ಲಿ ಮನೆ ಮುಂದೆ ರಸ್ತೆಯಲ್ಲಿ ಕಾರು ನಿಲ್ಲಿಸೋರು ವರ್ಷಕ್ಕೊಂದು ಪರ್ಮಿಟ್ ತಗೋಬೇಕು, ಸಣ್ಣ ಕಾರಿಗೆ 1000, ಮಧ್ಯಮ ಗಾತ್ರದ್ದಕ್ಕೆ 3000ದಿಂದ 4000, ದೊಡ್ಡ ಎಸ್‌ಯುವಿ ಥರದ್ದಕ್ಕೆ 5000 ರೂಪಾಯಿ ಅನ್ನೋ ಪ್ರಸ್ತಾವ ಅದರಲ್ಲಿತ್ತು. ಪೇಪರಲ್ಲಿ ಬಂದಾಗ ದೊಡ್ಡ ಚರ್ಚೆ ಆಯ್ತು. ಏರಿಯಾವಾರು ಪಾರ್ಕಿಂಗ್ ಪ್ಲಾನ್ ಮಾಡಿ ಆಮೇಲೆ ಹಂತಹಂತವಾಗಿ ಜಾರಿ ಅನ್ನೋದು ಅದರ ಲೆಕ್ಕಾಚಾರ, ನನ್ ಪ್ರಕಾರ ಆ ಯೋಚನೆ ಒಳ್ಳೇದೇ.

ಇಲ್ಲಿ ಗಮನಿಸಬೇಕಾದ್ದು ಪಾಲಿಸಿ ಬೇರೆ, ಕಾನೂನು ಬೇರೆ. ಪಾಲಿಸಿ ಅಂದ್ರೆ ಸರ್ಕಾರ ಹೀಗೆ ಮಾಡೋ ಉದ್ದೇಶ ಇಟ್ಕೊಂಡಿದೆ ಅಂತ ಅರ್ಥ. ಅದರ ಮೇಲೆ ನಿಮ್ಮ ಬೀದಿಗೆ ಪರ್ಮಿಟ್ ಕಡ್ಡಾಯ ಆಗ್ಬೇಕಂದ್ರೆ ಪಾಲಿಕೆ ಕಾನೂನಿನ ಕೆಳಗೆ ಬೈಲಾನೋ ಆದೇಶಾನೋ ಬರಬೇಕು, ರಸ್ತೆಯಲ್ಲಿ ಜಾಗ ಗುರುತಿಸೋಕೆ ಸೆಕ್ಷನ್ 117ರ ಪ್ರಕ್ರಿಯೆ ಆಗ್ಬೇಕು. ಹಾಗಾಗಿ ಯಾರಾದ್ರೂ ಬಂದು ಪಾಲಿಸಿ ಪ್ರಕಾರ ಪರ್ಮಿಟ್ ದುಡ್ಡು ಕಟ್ಟಿ ಅಂದ್ರೆ, ನಮ್ಮ ವಾರ್ಡಿಗೆ ಜಾರಿ ಆದ ಆದೇಶದ ಪ್ರತಿ ಕೊಡಿ, ಪಾಲಿಕೆ ಖಾತೆಗೆ ಕಟ್ತೀವಿ ಅಂತ ಹೇಳಿ. ಬಡಾವಣೆ ಅಸೋಸಿಯೇಷನ್‌ಗಳು ಸ್ಟಿಕ್ಕರ್ ಕೊಟ್ಟು ದುಡ್ಡು ತಗೊಳ್ಳೋದು ಸದಸ್ಯರ ನಡುವಿನ ಒಪ್ಪಂದ ಅಷ್ಟೇ, ಅದನ್ನ ಹಿಡ್ಕೊಂಡು ಹೊರಗಿನೋರ ಗಾಡಿಯನ್ನ ಸಾರ್ವಜನಿಕ ರಸ್ತೆಯಿಂದ ಓಡಿಸೋಕೆ ಆಗಲ್ಲ. ರಾತ್ರಿ ಗೇಟು ಹಾಕಿ ಬೀದಿ ಬಂದ್ ಮಾಡೋದೂ ಹಾಗೇ.

ದಂಡ ಮತ್ತು ಟೋಯಿಂಗ್

ದಂಡಕ್ಕೆ ಸಂಬಂಧಪಟ್ಟ ಸೆಕ್ಷನ್‌ಗಳು ನಾಲ್ಕೇ. ಸಾಮಾನ್ಯ ಉಲ್ಲಂಘನೆಗೆ 177, ಮೊದಲ ಸಲ 500ರವರೆಗೆ, ಮತ್ತೆ ಮಾಡಿದ್ರೆ 1500ರವರೆಗೆ. ಡ್ರೈವಿಂಗ್ ರೆಗ್ಯುಲೇಷನ್ ಮೀರಿದ್ದಕ್ಕೆ 177ಎ, ಆಗಲೇ ಹೇಳಿದೆ. ಅಪಾಯ ಆಗೋ ಥರ ನಿಲ್ಲಿಸೋದನ್ನ ನಿಷೇಧಿಸೋದು 122, ಸಂಚಾರಕ್ಕೆ ಅಡ್ಡಿ ಮಾಡಿದ್ದಕ್ಕೆ 201, ಇದರಲ್ಲಿ 500ರವರೆಗೆ ದಂಡ. ಸ್ಥಳದಲ್ಲೇ ಕಟ್ಟೋ ಮೊತ್ತ ಎಷ್ಟು ಅಂತ ರಾಜ್ಯ ಸರ್ಕಾರ ಸೆಕ್ಷನ್ 200ರ ಕೆಳಗೆ ಅಧಿಸೂಚನೆ ಹೊರಡಿಸಿರುತ್ತೆ. ಚಲನ್ ಬಂದಾಗ ಮೊತ್ತ ನೋಡೋ ಮುಂಚೆ ಸೆಕ್ಷನ್ ನೋಡಿ, ಯಾಕಂದ್ರೆ ನೀವು ಏನು ಮಾಡಿದ್ರಿ ಅಂತ ಅವರು ಹೇಳ್ತಿದ್ದಾರೆ ಅನ್ನೋದು ಅಲ್ಲೇ ಇರೋದು.

ಕ್ಯಾಮೆರಾದಿಂದ ಹಾಕಿದ ಇ-ಚಲನ್ ಆದ್ರೆ 2021ರಲ್ಲಿ ಸೇರಿದ ಕೇಂದ್ರ ಮೋಟಾರು ವಾಹನ ನಿಯಮ 167ಎ ಅನ್ವಯ ಆಗುತ್ತೆ. ಅದರ ಪ್ರಕಾರ ತಪ್ಪು ಮತ್ತು ನಂಬರ್ ಪ್ಲೇಟ್ ಎರಡೂ ಸ್ಪಷ್ಟವಾಗಿ ಕಾಣೋ ಫೋಟೋ, ದಿನಾಂಕ, ಸಮಯ, ಸ್ಥಳ, ಉಲ್ಲಂಘನೆಯಾದ ಸೆಕ್ಷನ್ ಇರ್ಬೇಕು. ಬರೀ ನಂಬರ್ ಪ್ಲೇಟ್ ಹತ್ತಿರದಿಂದ ತೆಗೆದ ಫೋಟೋ ಇದ್ದು ಗಾಡಿ ಎಲ್ಲಿ ನಿಂತಿದೆ ಅಂತ ಗೊತ್ತಾಗದಿದ್ರೆ ಕೋರ್ಟಿನಲ್ಲಿ ಪ್ರಶ್ನಿಸೋಕೆ ನಿಮ್ಗೆ ಕಾರಣ ಇದೆ. ದಂಡ ಕಟ್ಟಿದ್ರೆ ಅಲ್ಲಿಗೆ ಮುಗೀತು, ತಪ್ಪು ಒಪ್ಪಿದ ಹಾಗೆ. ಹಾಗಾಗಿ ಪ್ರಶ್ನೆ ಮಾಡೋದಿದ್ರೆ ಕಟ್ಟೋ ಮುಂಚೆ ಮಾಡಿ.

ಟೋಯಿಂಗ್ ಬಗ್ಗೆ ಸೆಕ್ಷನ್ 127 ಓದಲೇಬೇಕು. ಪಾರ್ಕಿಂಗ್ ನಿಷೇಧ ಇರೋ ಜಾಗದಲ್ಲಿ ನಿಲ್ಲಿಸಿದ ಗಾಡಿ, ಅಥವಾ ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಹೆಚ್ಚು ಹೊತ್ತು ಬಿಟ್ಟು ಹೋದ ಗಾಡೀನ ತೆಗೆಯೋಕೆ, ಇಲ್ಲಾ ಚಕ್ರಕ್ಕೆ ಲಾಕ್ ಹಾಕೋಕೆ ಅನುಮತಿ ಕೊಡಬೇಕಾದ್ದು ಆ ವ್ಯಾಪ್ತಿಯ ಸಮವಸ್ತ್ರದಲ್ಲಿರೋ ಪೊಲೀಸ್ ಅಧಿಕಾರಿ. ಟೋಯಿಂಗ್ ಲಾರಿ ಹುಡುಗರು ತಾವಾಗೇ ಎತ್ತೋ ಹಾಗಿಲ್ಲ. ಎತ್ತಿದ ಖರ್ಚು ಮಾಲೀಕರೇ ಕೊಡಬೇಕು, ದಂಡ ಅದರ ಮೇಲೆ ಬೇರೆ, ಇದೂ ಅದೇ ಸೆಕ್ಷನ್‌ನಲ್ಲಿದೆ. ಬೆಂಗಳೂರಲ್ಲಿ ಟೋಯಿಂಗ್ ಸಿಬ್ಬಂದಿ ನಡವಳಿಕೆ ಬಗ್ಗೆ ಜನರ ಆಕ್ರೋಶ ಜಾಸ್ತಿ ಆಗಿ 2022ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನ ನಿಲ್ಲಿಸಿತ್ತು. ನಿಮ್ಮ ಗಾಡಿ ಎತ್ತೋವಾಗ ನೀವು ಅಲ್ಲಿದ್ರೆ, ಅನುಮತಿ ಕೊಟ್ಟ ಅಧಿಕಾರಿ ಯಾರು ಅಂತ ಕೇಳಿ ಹೆಸರು ಬರ್ಕೊಳ್ಳಿ, ಡ್ಯಾಮೇಜ್ ಆಗಿದ್ರೆ ಸ್ಟೇಷನ್‌ನಲ್ಲಿ ಗಾಡಿ ತಗೊಳ್ಳೋ ಮುಂಚೆಯೇ ಫೋಟೋ ಸಮೇತ ಬರೆದು ಕೊಡಿ.

ಇದೇ 10 ಗಂಟೆ ಮಾತು ನಮ್ಗೂ ಉಪಯೋಗ. ಬೀದಿಯಲ್ಲಿ ತಿಂಗಳುಗಟ್ಟಲೆ ಟೈರ್ ಇಳಿದು ಧೂಳು ಹಿಡಿದು ನಿಂತ ಗಾಡಿ ತೆಗೆಸೋಕೆ ಟ್ರಾಫಿಕ್ ಸ್ಟೇಷನ್‌ಗೆ ಸೆಕ್ಷನ್ 127 ನಮೂದಿಸಿ ಅರ್ಜಿ ಕೊಡಿ.

ಮಾಲು, ಅಪಾರ್ಟ್‌ಮೆಂಟು

ಇವು ಸಾರ್ವಜನಿಕ ರಸ್ತೆ ಅಲ್ಲ, ಹಾಗಾಗಿ ಚಿಕ್ಕದಾಗಿ ಹೇಳ್ತೀನಿ. ಗುಜರಾತ್ ಹೈಕೋರ್ಟ್ 2019ರಲ್ಲಿ ಮಾಲ್‌ಗಳು ಪಾರ್ಕಿಂಗ್ ಶುಲ್ಕ ತಗೊಳ್ಳೋ ಹಾಗಿಲ್ಲ ಅಂತ ಹೇಳ್ತು, ತೆಲಂಗಾಣ ಸರ್ಕಾರ 2018ರಲ್ಲಿ ಮೊದಲ 30 ನಿಮಿಷ ಉಚಿತ ಅಂತ ಆದೇಶ ಮಾಡ್ತು. ವಾಟ್ಸಾಪಲ್ಲಿ ಇವನ್ನ ಫಾರ್ವರ್ಡ್ ಮಾಡಿ ಬೆಂಗಳೂರು ಮಾಲಲ್ಲಿ ತೋರಿಸ್ತಾರೆ, ಬೇರೆ ರಾಜ್ಯದ ಆದೇಶ ಇಲ್ಲಿ ತಾನಾಗೇ ಅನ್ವಯ ಆಗಲ್ಲ. ಇಲ್ಲಿ ನೋಡ್ಬೇಕಾದ್ದು ಆ ಕಟ್ಟಡದ ಮಂಜೂರಾದ ನಕ್ಷೆ, ಅದರಲ್ಲಿ ಗ್ರಾಹಕರ ಪಾರ್ಕಿಂಗ್ ಅಂತ ತೋರಿಸಿದ ಜಾಗ ಈಗ ಗೋಡೌನೋ ಅಂಗಡಿಯೋ ಆಗಿದೆಯಾ ಅಂತ. ರಸ್ತೆ ತುಂಬೋದಕ್ಕೆ ದೊಡ್ಡ ಕಾರಣ ಇದೇ, ಬೇಸ್‌ಮೆಂಟ್ ಪಾರ್ಕಿಂಗ್ ಬೇರೆ ಕೆಲಸಕ್ಕೆ ಹೋಗಿರೋದು. ಅಪಾರ್ಟ್‌ಮೆಂಟಲ್ಲಿ ತೆರೆದ ಪಾರ್ಕಿಂಗ್ ಜಾಗ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಸಾಮಾನ್ಯ ಪ್ರದೇಶದ ಭಾಗ, ಬಿಲ್ಡರ್ ಅದನ್ನ ಬೇರೆ ಮಾಡಿ ಮಾರೋಕೆ ಬರಲ್ಲ.

ಮಾಹಿತಿ ಹಕ್ಕಿನಲ್ಲಿ ಕೇಳೋದು ಹೀಗೆ

ಬಾಯಲ್ಲಿ ಕೇಳಿದ್ರೆ ಕಾಗದ ಸಿಗಲ್ಲ, ಹಾಗಾಗಿ ಆರ್‌ಟಿಐ ಹಾಕೋದೇ ದಾರಿ. ಕರ್ನಾಟಕದಲ್ಲಿ ನಮೂನೆ ಎ, ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಹಚ್ಚಬಹುದು, ಬಿಪಿಎಲ್‌ನೋರಿಗೆ ಶುಲ್ಕ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಅಂತ ಇದೆ, ಇದು ಗೊತ್ತಿಲ್ಲದೆ ಪುಟಗಟ್ಟಲೆ ಬರೆದು ಅರ್ಜಿ ವಾಪಸ್ ಬರುತ್ತೆ. ಅದಕ್ಕೇ ಎರಡು ಅರ್ಜಿ ಮಾಡಿ, ಒಂದು ಪಾಲಿಕೆಗೆ ಶುಲ್ಕದ ಬಗ್ಗೆ, ಇನ್ನೊಂದು ಪೊಲೀಸ್ ಆಯುಕ್ತರ ಕಚೇರಿಗೆ ಇಲ್ಲಾ ಜಿಲ್ಲಾಧಿಕಾರಿ ಕಚೇರಿಗೆ ಅಧಿಸೂಚನೆ ಬಗ್ಗೆ.

ಪಾಲಿಕೆಗೆ ಹೀಗೆ ಬರೀಬಹುದು: "ಇಂಥ ರಸ್ತೆಯಲ್ಲಿ, ಇಂಥ ಜಾಗದಿಂದ ಇಂಥ ಜಾಗದವರೆಗೆ ಸಂಗ್ರಹಿಸುತ್ತಿರುವ ವಾಹನ ನಿಲುಗಡೆ ಶುಲ್ಕಕ್ಕೆ ಸಂಬಂಧಿಸಿದ ಬೈಲಾ ಅಥವಾ ನಿರ್ಣಯದ ಪ್ರತಿ, ಮಂಜೂರಾದ ದರಪಟ್ಟಿ, ಗುತ್ತಿಗೆದಾರರಿಗೆ ನೀಡಿದ ಕಾರ್ಯಾದೇಶ ಮತ್ತು ಕರಾರಿನ ಪ್ರತಿ, ಕಳೆದ ಆರ್ಥಿಕ ವರ್ಷದಲ್ಲಿ ಇದರಿಂದ ಪಾಲಿಕೆಗೆ ಜಮೆಯಾದ ಮೊತ್ತದ ದಾಖಲೆ ಒದಗಿಸಿ." ಪೊಲೀಸ್ ಕಡೆಗೆ, ಅದೇ ರಸ್ತೆಗೆ ಸೆಕ್ಷನ್ 117ರ ಕೆಳಗೆ ಹೊರಡಿಸಿದ ಆದೇಶದ ಪ್ರತಿ ಮತ್ತು ಸ್ಥಳೀಯ ಸಂಸ್ಥೆ ಜೊತೆ ನಡೆದ ಸಮಾಲೋಚನೆಯ ಪತ್ರಗಳ ಪ್ರತಿ ಕೇಳಿ. ಯಾಕೆ, ಏನು, ಸರೀನಾ ಅಂತ ಪ್ರಶ್ನೆ ಹಾಕಬೇಡಿ, ದಾಖಲೆ ಮಾತ್ರ ಕೇಳಿ, ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ ಅಂತ ತಪ್ಪಿಸ್ಕೊಳ್ತಾರೆ.

30 ದಿನದೊಳಗೆ ಉತ್ತರ ಬರಬೇಕು. ಬರದಿದ್ರೆ ಅಥವಾ ಅರ್ಧಂಬರ್ಧ ಬಂದ್ರೆ 30 ದಿನದೊಳಗೆ ಮೊದಲ ಮೇಲ್ಮನವಿ ಅದೇ ಕಚೇರಿಯ ಮೇಲಧಿಕಾರಿಗೆ, ಅಲ್ಲೂ ಆಗದಿದ್ರೆ 90 ದಿನದೊಳಗೆ ಎರಡನೇದು ಕರ್ನಾಟಕ ಮಾಹಿತಿ ಆಯೋಗಕ್ಕೆ. ನಮ್ಮ ಇಲಾಖೆಯದ್ದಲ್ಲ ಅಂದ್ರೆ ಅವರೇ 5 ದಿನದಲ್ಲಿ ಸರಿಯಾದ ಇಲಾಖೆಗೆ ವರ್ಗಾಯಿಸಬೇಕು, ಅದು ಸೆಕ್ಷನ್ 6(3).

ದಾಖಲೆ ಇಲ್ಲ ಅಂತ ಲಿಖಿತ ಉತ್ತರ ಬಂದ್ರೆ ಅದೇ ನಿಮ್ಮ ದೊಡ್ಡ ಸಾಕ್ಷಿ. ಅದನ್ನ ಲಗತ್ತಿಸಿ ಪಾಲಿಕೆ ಆಯುಕ್ತರಿಗೆ ದೂರು ಕೊಡಿ, ಅಧಿಕಾರಿಗಳು ಕೈ ಜೋಡಿಸಿದ್ದಾರೆ ಅನ್ನೋ ಅನುಮಾನ ಇದ್ರೆ ಲೋಕಾಯುಕ್ತಕ್ಕೆ ಕೊಡಬಹುದು, ಇಡೀ ಊರಿಗೆ ಸಂಬಂಧಪಟ್ಟ ವಿಷಯ ಆದ್ರೆ ವಕೀಲರ ಜೊತೆ ಮಾತಾಡಿ ಹೈಕೋರ್ಟಿಗೆ ರಿಟ್ ಹಾಕೋ ದಾರಿ ಇದೆ. ಪಾರ್ಕಿಂಗ್ ಜಾಗ ಬದಲಾಯಿಸಬೇಕು, ಶಾಲೆ ಮುಂದಿಂದ ತೆಗೀಬೇಕು, ಆಟೋ ಸ್ಟ್ಯಾಂಡ್ ಬೇಕು ಅನ್ನೋ ಥರದ ಬೇಡಿಕೆಗೆ ಮಾತ್ರ ದೂರು ಬೇಡ. ಅದನ್ನ ಜಿಲ್ಲಾಧಿಕಾರಿ ನೇತೃತ್ವದ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಪತ್ರ ಬರೆದು, ಜಾಗದ ನಕ್ಷೆ ಕೈಯಲ್ಲೇ ಗೀಚಿ ಲಗತ್ತಿಸಿ, ಸ್ವೀಕೃತಿ ಸೀಲು ಹಾಕಿಸ್ಕೊಂಡು ಬನ್ನಿ, ಮುಂದಿನ ಸಭೆ ಅಜೆಂಡಾದಲ್ಲಿ ಸೇರಿಸಿ ಅಂತ ಪತ್ರದಲ್ಲೇ ಕೇಳಿ.